ಸಮಾಸದಲ್ಲಿ ಹೇಳದೆ ಉಳಿದ ಮಾತು

ಮುಧೋಳದ ಪೇಟೆಯಲ್ಲಿ ಅಂಗಡಿಯ ಕಟ್ಟೆಯ ಕೆಳಗೆ ಮಲಗಿರುವ ಬೀದಿನಾಯಿಯು ‘ಮುಧೋಳದ ನಾಯಿ’ಯೇ ಹೊರತು ‘ಮುಧೋಳ ನಾಯಿ’ಯಲ್ಲ. ಬೆಂಗಳೂರಿನ ಯಾವದೋ ಮನೆಯಲ್ಲಿ ಹುಟ್ಟಿ, ಘಟಪ್ರಭೆಯ ನೀರನ್ನು ಒಮ್ಮೆಯೂ ಮುಟ್ಟದೆ ಬೆಳೆದ, ನೀಳಗಾಲಿನ, ಸಣ್ಣ ನಡುವಿನ ಬೇಟೆಯ ತಳಿಯ ನಾಯಿಯು ‘ಮುಧೋಳ ನಾಯಿ’ಯೇ ಸರಿ. ಅದನ್ನು ‘ಮುಧೋಳದ ನಾಯಿ’ ಎಂದರೆ ಕೇಳಿದವರು, ಅಲ್ಲಿಂದ ಯಾವಾಗ ತಂದಿರೆಂದು ವಿಚಾರಿಸುವರು. ಭಾರತದ ಅಂಚೆಯ ಇಲಾಖೆಯು 2005ರಲ್ಲಿ ಈ ನಾಯಿಯ ಚಿತ್ರವನ್ನು ಅಂಚೆಚೀಟಿಯ ಮೇಲೆ ಅಚ್ಚುಹಾಕಿಸಿದಾಗ ಆ ಹೆಸರಿನಿಂದ ತಿಳಿಸಿದ್ದು ಒಂದು ಕುಲವನ್ನು, ಒಂದು ಊರಿನ ನಿವಾಸಿಯನ್ನಲ್ಲ. ‘ದ’ ಎಂಬ ಒಂದಕ್ಷರದ ಇರವು ಅಳಿವುಗಳಿಂದ ಇಷ್ಟು ಅರ್ಥಭೇದವಾಗುತ್ತಿರುವಲ್ಲಿ, ನಮ್ಮ ಶಾಲೆಗಳ ವ್ಯಾಕರಣಪುಸ್ತಕಗಳು ಸಮಾಸವನ್ನು ಕುರಿತು ಹೇಳುವ ಮಾತು ಎಷ್ಟರಮಟ್ಟಿಗೆ ನಿಲ್ಲುವದೆಂಬದನ್ನು ವಿಚಾರಿಸುವದು ಅವಶ್ಯವಾಗಿದೆ.

ಆ ಪುಸ್ತಕಗಳ ಮತವು ಸಂಕ್ಷೇಪವಾಗಿ ಇಷ್ಟು: ಎರಡು ಪದಗಳ ನಡುವಿನ ವಿಭಕ್ತಿಪ್ರತ್ಯಯವು ಲೋಪವಾಗಿ ಅವು ಒಂದಾಗುತ್ತವೆ, ಲೋಪವಾದುದನ್ನು ಮರಳಿ ತಂದು ಇಟ್ಟರೆ ವಿಗ್ರಹವಾಕ್ಯವಾಗುತ್ತದೆ, ಸಮಾಸಕ್ಕೂ ವಿಗ್ರಹಕ್ಕೂ ಅರ್ಥವೊಂದೇ. ವಿದ್ಯಾರ್ಥಿಯು ಪರೀಕ್ಷೆಯಲ್ಲಿ ‘ಮರಗಾಲು’ ಎಂಬದಕ್ಕೆ ‘ಮರದ ಕಾಲು’ ಎಂದು ಬರೆದು ಗುಣಗಳನ್ನು ಪಡೆಯುತ್ತಾನೆ. ಆದರೆ ಮರದ ಎಲೆ, ಮರದ ನೆರಳು, ಮರದ ಪೆಟ್ಟಿಗೆ ಎಂಬಲ್ಲಿಯೂ ಅದೇ ‘ದ’ಕಾರವುಂಟಷ್ಟೆ. ಎಲೆಯು ಮರದಲ್ಲಿ ಹುಟ್ಟಿದ್ದು, ನೆರಳು ಮರದಿಂದ ಬಿದ್ದದ್ದು, ಪೆಟ್ಟಿಗೆಯು ಮರವನ್ನು ಕೊಯ್ದು ಮಾಡಿದ್ದು. ಮರಗಾಲು ಎಂಬದು ಮರಕ್ಕೆ ಇರುವ ಕಾಲಲ್ಲ, ಮರದಿಂದ ಮಾಡಿದ ಕಾಲು ಎಂಬದನ್ನು ಆ ವಿದ್ಯಾರ್ಥಿಗೆ ಪ್ರತ್ಯಯವು ಕಲಿಸಲಿಲ್ಲ. ಅವನು ಅದನ್ನು ಮೊದಲೇ ತಿಳಿದಿದ್ದನು. ತಿಳಿದದ್ದನ್ನೇ ಪ್ರತ್ಯಯದ ಮೇಲೆ ಹೇರಿದನು.

ಇದಕ್ಕೆ ಅಡಿಗೆಯ ಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ಕುಸುಬೆಯೆಣ್ಣೆ, ಗಾಣದೆಣ್ಣೆ, ದೀಪದೆಣ್ಣೆ ಎಂಬ ಮೂರು ಮಾತುಗಳೂ ನಮ್ಮ ಸೀಮೆಯ ಯಾವ ಮನೆಯಲ್ಲಿಯೂ ಹೊಸವಲ್ಲ. ಮೂರರ ಬೆಸುಗೆಯೂ ಒಂದೇ ತೆರನಾದುದು. ಆದರೆ ಕುಸುಬೆಯನ್ನು ಹಿಂಡಿ ಎಣ್ಣೆ ತೆಗೆಯುವರು, ಗಾಣವನ್ನು ಹಿಂಡಿ ತೆಗೆಯುವದಿಲ್ಲ, ಗಾಣದಲ್ಲಿ ತೆಗೆಯುವರು, ದೀಪದಲ್ಲಿ ತೆಗೆಯುವದಿಲ್ಲ, ದೀಪಕ್ಕೆ ಹಾಕುವರು. ಒಂದೇ ಗಡಿಗೆಯೊಳಗಿನ ಎಣ್ಣೆಯು ಈ ಮೂರು ಹೆಸರುಗಳಿಗೂ ಪಾತ್ರವಾಗಬಹುದು. ಐದು ವರ್ಷದ ಮಗುವೂ ಇಲ್ಲಿ ಎಡವದು. ಅದಕ್ಕೆ ಷಷ್ಠೀವಿಭಕ್ತಿಯ ಪರಿಚಯವಿಲ್ಲ. ಕುಸುಬೆ, ಗಾಣ, ದೀಪಗಳ ಪರಿಚಯವಿದೆ. ಸಮಾಸದಲ್ಲಿ ಎರಡು ಪದಗಳು ಕಿವಿಗೆ ಬೀಳುತ್ತವೆ. ಅವೆರಡನ್ನು ಕಟ್ಟುವ ಮೂರನೆಯ ಮಾತು ಕೇಳುವವನ ಲೋಕಾನುಭವದಿಂದ ಬರುತ್ತದೆ.

ಪ್ರಾಚೀನ ಶಾಬ್ದಿಕರು ಇದನ್ನು ಕಾಣದೆ ಇರಲಿಲ್ಲ. ಪಾಣಿನಿಯು ಪದಗಳಿಗೆ ಸಂಬಂಧಿಸಿದ ವಿಧಿಯೆಲ್ಲವೂ ಸಮರ್ಥವಾದ, ಎಂದರೆ ಅರ್ಥದಿಂದ ಒಂದಕ್ಕೊಂದು ಕೂಡತಕ್ಕ ಪದಗಳಿಗೇ ಸಲ್ಲುವದೆಂದು ಸಮಾಸಪ್ರಕರಣದ ಬಾಗಿಲಲ್ಲಿಯೇ ಗೊತ್ತುಮಾಡಿದನು. ಈ ಸಾಮರ್ಥ್ಯವೆಂದರೇನು ಎಂಬ ಬಗ್ಗೆ ಪತಂಜಲಿಯು ಮಹಾಭಾಷ್ಯದಲ್ಲಿ ದೀರ್ಘವಾದ ಚರ್ಚೆಯನ್ನು ನಡೆಸಿದ್ದಾನೆ. ಪದಗಳು ತಮ್ಮ ತಮ್ಮ ಅರ್ಥವನ್ನು ಇಟ್ಟುಕೊಂಡೇ ಒಂದನ್ನೊಂದು ಅಪೇಕ್ಷಿಸುವದು ವ್ಯಪೇಕ್ಷೆ. ಬೆರೆತು ಒಂದೇ ಅರ್ಥವಾಗಿ ನಿಲ್ಲುವದು ಏಕಾರ್ಥೀಭಾವ. ‘ಕೃಷ್ಣಸರ್ಪ’ವೆಂಬದು ಒಂದು ಜಾತಿಯ ಹಾವೇ ಹೊರತು ಕಪ್ಪಾಗಿರುವ ಹಾವೆಲ್ಲವೂ ಅಲ್ಲ. ಮುಧೋಳ ನಾಯಿಯ ಕಥೆಯೂ ಇದೇ. ನೈಯಾಯಿಕರು ಸಮಾಸಕ್ಕೆ ಬೇರೆ ಶಕ್ತಿಯನ್ನು ಒಪ್ಪದೆ, ‘ರಾಜಪುರುಷ’ ಎಂಬಲ್ಲಿ ‘ರಾಜ’ಪದವೇ ಲಕ್ಷಣೆಯಿಂದ ‘ರಾಜಸಂಬಂಧಿ’ ಎಂಬ ಅರ್ಥವನ್ನು ಕೊಡುವದೆಂದರು. ಅದು ಲಾಘವವುಳ್ಳ ಉತ್ತರವೇ ಸರಿ. ಆದರೆ ‘ಸಂಬಂಧಿ’ ಎಂದಷ್ಟರಿಂದ ಯಾವ ಸಂಬಂಧವೆಂಬದು ತಿಳಿಯಲಿಲ್ಲ. ಎಲ್ಲರಿಗಿಂತ ನೇರವಾಗಿ ವಿಷಯವನ್ನು ಮುಟ್ಟಿದವನು ವಾರ್ತಿಕಕಾರನಾದ ಕಾತ್ಯಾಯನನು. ‘ಶಾಕಪಾರ್ಥಿವ’ ಮೊದಲಾದವುಗಳಲ್ಲಿ ನಡುವಿನ ಪದವೊಂದು ಲೋಪವಾಗಿದೆಯೆಂದು ಅವನು ಒಪ್ಪಿಕೊಂಡನು. ಶಾಕಪ್ರಿಯನಾದ ಪಾರ್ಥಿವ, ಕಾಯಿಪಲ್ಯದ ಮೇಲೆ ಆಸೆಯುಳ್ಳ ಅರಸ. ಇಲ್ಲಿ ಬಿಟ್ಟುಹೋದುದು ಪ್ರತ್ಯಯವಲ್ಲ, ಇಡಿಯ ಒಂದು ಪದ. ಶಾಲೆಯ ಪುಸ್ತಕಗಳು ಇದನ್ನು ‘ಮಧ್ಯಮಪದಲೋಪಿ’ ಎಂದು ಮೂಲೆಯಲ್ಲಿ ಕೂಡಿಸಿವೆ. ನಿಜವನ್ನು ಹೇಳುವದಾದರೆ ದೀಪದೆಣ್ಣೆಯೂ ಗಾಣದೆಣ್ಣೆಯೂ ಆ ಮೂಲೆಯವೇ ಆಗಿವೆ. ಮೂಲೆಯೇ ಮನೆಗಿಂತ ದೊಡ್ಡದಾಗಿದೆ.

ಪಾಶ್ಚಾತ್ಯ ಪಂಡಿತರು ಇತ್ತೀಚಿನ ಐವತ್ತು ವರ್ಷಗಳಲ್ಲಿ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದಿದ್ದಾರೆ. ಜ್ಯೂಡಿತ್ ಲೆವಿ ಎಂಬವರು 1978ರಲ್ಲಿ ಇಂಗ್ಲಿಷಿನ ಇಂಥ ಜೋಡುನುಡಿಗಳಲ್ಲಿ ಮರೆಯಾಗುವ ಸಂಬಂಧಗಳು ಒಂಬತ್ತೇ ಎಂದು ಎಣಿಸಿ ಹೇಳಿದರು. ಎಣಿಕೆಯು ಅಚ್ಚುಕಟ್ಟಾದುದು, ಆದರೆ ಲೋಕವು ಅಷ್ಟು ಅಚ್ಚುಕಟ್ಟಾಗಿಲ್ಲ. ಅದಕ್ಕೂ ಮುಂಚೆ, 1977ರಲ್ಲಿಯೇ, ಪಮೆಲಾ ಡೌನಿಂಗ್ ಎಂಬವರು ಒಂದು ಪ್ರಸಂಗವನ್ನು ತೋರಿಸಿದ್ದರು: ಊಟದ ಮೇಜಿನ ಬಳಿ ಅತಿಥಿಗೆ ‘ಸೇಬಿನ ರಸದ ಕುರ್ಚಿ’ಯಲ್ಲಿ ಕುಳಿತುಕೊಳ್ಳಲು ಹೇಳಿದರು, ಎಂದರೆ ಯಾವ ಜಾಗದ ಮುಂದೆ ಆ ರಸದ ಲೋಟವಿದೆಯೋ ಆ ಕುರ್ಚಿಯಲ್ಲಿ. ಈ ಸಂಬಂಧವು ಯಾವ ಪಟ್ಟಿಯಲ್ಲಿಯೂ ಇರಲಾರದು. ನಮ್ಮ ಮದುವೆಯ ಪಂಕ್ತಿಯಲ್ಲಿ ಬಡಿಸುವವನೊಬ್ಬನು ಇನ್ನೊಬ್ಬನಿಗೆ ‘ಮಜ್ಜಿಗೆ ಎಲೆಗೆ ಅನ್ನ ಹಾಕು’ ಎಂದನೆನ್ನಿರಿ. ಮಜ್ಜಿಗೆಯಿಂದ ಮಾಡಿದ ಎಲೆಯೆಂದಾಗಲಿ, ಮಜ್ಜಿಗೆಗಾಗಿ ಇಟ್ಟ ಎಲೆಯೆಂದಾಗಲಿ ಆ ಇನ್ನೊಬ್ಬನು ತಿಳಿಯುವದಿಲ್ಲ; ಯಾರ ಊಟವು ಮಜ್ಜಿಗೆಯವರೆಗೆ ಬಂದಿದೆಯೋ ಅವರ ಎಲೆಗೆ ನೇರವಾಗಿ ಹೋಗುತ್ತಾನೆ. ಪಂಕ್ತಿಯೆದ್ದ ಮೇಲೆ ಆ ಮಾತಿಗೆ ಅರ್ಥವಿಲ್ಲ.

1981ರಲ್ಲಿ ಆಶರ್ಸನ್ ಮತ್ತು ಸ್ಮಿತ್ ಎಂಬಿಬ್ಬರು ಎತ್ತಿದ ತೊಡಕು ಇನ್ನೂ ರುಚಿಕರವಾದುದು. ಸಾಕುಪ್ರಾಣಿಯೆಂದೊಡನೆ ನಾಯಿ ಬೆಕ್ಕುಗಳು ನೆನಪಿಗೆ ಬರುವವು; ಮೀನೆಂದೊಡನೆ ಹೊಳೆಯ ಮೀನು ಬರುವದು; ಆದರೆ ‘ಸಾಕುಮೀನು’ ಎಂದೊಡನೆ ಗಾಜಿನ ಬೋಗುಣಿಯೊಳಗಿನ ಬಂಗಾರದ ಬಣ್ಣದ ಮೀನು ಬರುವದು. ಇದು ಸಾಕುಪ್ರಾಣಿಗಳ ಮಾದರಿಯೂ ಅಲ್ಲ, ಮೀನುಗಳ ಮಾದರಿಯೂ ಅಲ್ಲ. ಹಾಗಾದರೆ ಕೂಡಿಕೆಗೆ ಮಾದರಿಯು ಎಲ್ಲಿಂದ ಬಂದಿತು? ಈ ಉದಾಹರಣೆಯನ್ನು ಕನ್ನಡಕ್ಕೆ ತರುವಾಗಲೇ ಒಂದು ವಿನೋದವು ನಡೆಯುತ್ತದೆ. ಕನ್ನಡದಲ್ಲಿ ಸಾಕುವದೆಂದರೆ ಮುದ್ದಿಗೆ ಸಾಕುವದೂ ಹೌದು, ಮಾರುವದಕ್ಕೆ ಸಾಕುವದೂ ಹೌದು. ಕೃಷ್ಣೆಯ ದಂಡೆಯವನಿಗೆ ‘ಸಾಕುಮೀನು’ ಎಂದರೆ ಹೊಂಡದಲ್ಲಿ ಬೆಳೆಸಿ ಸಂತೆಗೆ ತರುವ ಮೀನೇ ಮೊದಲು ಕಣ್ಣಿಗೆ ಕಟ್ಟೀತು. ಪಂಡಿತರ ಬೋಗುಣಿಯು ಅವರ ಮನೆಯ ಬೋಗುಣಿಯೇ ಆಗಿದೆ.

ಈ ಶೋಧನೆಗಳಲ್ಲಿ ಕಾವ್ಯದ ಓದಿಗೆ ಉಪಯೋಗಕ್ಕೆ ಬರುವದು ಗ್ಯಾನ್ಯೆ ಮತ್ತು ಶೋಬೆನ್ ಎಂಬವರು 1997ರಲ್ಲಿ ಪ್ರಕಟಿಸಿದ ಪರೀಕ್ಷೆ. ಜೋಡಿಯ ಮೊದಲನೆಯ ಪದವು ಹಿಂದೆ ಯಾವ ಸಂಬಂಧದಲ್ಲಿ ಹೆಚ್ಚಾಗಿ ಬಳಕೆಯಾಗಿದೆಯೋ ಅದೇ ಸಂಬಂಧವು ಹೊಸ ಜೋಡಿಯಲ್ಲಿಯೂ ಇದ್ದರೆ ಓದುಗರು ಅದನ್ನು ಬೇಗನೆ ತಿಳಿಯುತ್ತಾರೆಂದು ಅವರು ಕಂಡರು. ಕಾಡುಹಂದಿ, ಕಾಡುಕೋಳಿ, ಕಾಡುಹೂವುಗಳನ್ನು ಬಲ್ಲವನಿಗೆ ಕಂಡರಿಯದ ಇನ್ನೊಂದು ಪ್ರಾಣಿಯ ಹೆಸರಿನ ಹಿಂದೆ ‘ಕಾಡು’ ಸೇರಿದರೆ ತೊಡಕಿಲ್ಲ, ಅದು ಕಾಡಿನಲ್ಲಿರುವದು. ‘ಕಾಡುಹರಟೆ’ಯನ್ನು ಮೊದಲ ಸಲ ಕೇಳಿದವನು ಮಾತ್ರ ಒಂದು ಕ್ಷಣ ನಿಲ್ಲಬೇಕಾಗುವದು, ಏಕೆಂದರೆ ಹರಟೆಯು ಕಾಡಿನಲ್ಲಿಲ್ಲ. ಹೊಸ ನುಡಿಯನ್ನು ತಿಳಿಯುವವನು ಅದರ ನಂಟರಿಷ್ಟರನ್ನು ನೋಡಿ ತಿಳಿಯುತ್ತಾನೆ.

ಮುಧೋಳ ಸೀಮೆಯವನೇ ಆದ ರನ್ನನ ಕಾವ್ಯವನ್ನು ಈ ಬೆಳಕಿನಲ್ಲಿ ನೋಡತಕ್ಕದ್ದು. ಬಳೆಗಾರರ ಮನೆತನದಲ್ಲಿ 949ರಲ್ಲಿ ಹುಟ್ಟಿ, ಅಜಿತಸೇನಾಚಾರ್ಯರಲ್ಲಿ ಓದಿ, ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ಈತನು ಚಾಲುಕ್ಯರ ಆಸ್ಥಾನದಲ್ಲಿ ‘ಕವಿಚಕ್ರವರ್ತಿ’ಯೆನಿಸಿದನು. ಈ ಬಿರುದನ್ನು ಕವಿಯಾದ ಚಕ್ರವರ್ತಿಯೆಂದು ಯಾರೂ ತಿಳಿಯಲಿಲ್ಲ. ಅವನಿಗಿಂತ ಮುಂಚೆ ಪೊನ್ನನಿಗೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಂದ ದೊರೆತ ‘ಉಭಯಕವಿಚಕ್ರವರ್ತಿ’ ಎಂಬದು ಇನ್ನೂ ಸೊಗಸಾದ ಉದಾಹರಣೆ. ಅಲ್ಲಿ ಉಭಯವಾದುವು ಯಾವವು? ಕವಿಗಳಿಬ್ಬರಲ್ಲ, ಚಕ್ರವರ್ತಿಗಳಿಬ್ಬರಲ್ಲ, ಸಂಸ್ಕೃತ ಕನ್ನಡಗಳೆಂಬ ಭಾಷೆಗಳೆರಡು. ಆ ‘ಭಾಷೆ’ ಎಂಬ ಪದವೇ ಬಿರುದಿನಲ್ಲಿಲ್ಲ. ಕಾತ್ಯಾಯನನ ಕಾಯಿಪಲ್ಯದ ಅರಸನಿಗೆ ಕನ್ನಡನಾಡಿನಲ್ಲಿ ಇವನೇ ತಕ್ಕ ಜೊತೆಗಾರ.

ರನ್ನನ ಲೌಕಿಕಕಾವ್ಯಕ್ಕೆ ಹೆಸರುಗಳೆರಡು: ಸಾಹಸಭೀಮವಿಜಯ ಮತ್ತು ಗದಾಯುದ್ಧ. ‘ಸಾಹಸಭೀಮ’ನೆಂಬದು ಅವನ ಆಶ್ರಯದಾತನಾದ ಇರಿವಬೆಡಂಗ ಸತ್ಯಾಶ್ರಯನ ಬಿರುದು. ಇದನ್ನು ಬಿಡಿಸುವ ಬಗೆಗಳು ಒಂದಲ್ಲ. ಸಾಹಸದಲ್ಲಿ ಭೀಮನಂತಿರುವವನು ಎಂದರೆ ಅರಸನು ಕಾಣುತ್ತಾನೆ, ಭೀಮನು ಉಪಮಾನವಾಗಿ ಹಿಂದೆ ಸರಿಯುತ್ತಾನೆ. ಸಾಹಸಿಯಾದ ಭೀಮನು ಎಂದರೆ ಗದೆಯನ್ನು ಹೊತ್ತ ಪಾಂಡವನೇ ಮುಂದೆ ಬರುತ್ತಾನೆ. ಸಾಹಸದಿಂದ ಭಯಂಕರನಾದವನು ಎಂದರೆ ಇಬ್ಬರೂ ಅದರೊಳಗೆ ಅಡಗುತ್ತಾರೆ. ಇವುಗಳಲ್ಲಿ ಒಂದೇ ವಿಗ್ರಹವು ಸರಿ, ಮಿಕ್ಕವು ತಪ್ಪು ಎಂದು ತೀರ್ಪು ಕೊಡುವ ಟೀಕೆಯು ಕಾವ್ಯದ ಕೀಲನ್ನೇ ಕಳಚುತ್ತದೆ. ರನ್ನನಿಗೆ ಬೇಕಾಗಿದ್ದುದು ಒಂದೇ ನುಡಿಯಲ್ಲಿ ಇಬ್ಬರು ನಿಲ್ಲುವದು. ಅವನ ಕಾವ್ಯದುದ್ದಕ್ಕೂ ಭೀಮನನ್ನು ಹೊಗಳಿದಲ್ಲೆಲ್ಲ ಸತ್ಯಾಶ್ರಯನಿಗೂ ಪಾಲು ದೊರೆಯುವದು ಈ ಕೂಡುನುಡಿಯ ಬಲದಿಂದ. ಆಸ್ಥಾನದ ಶ್ರೋತೃಗಳಿಗೆ ಇದು ತೊಡಕಾಗಲಿಲ್ಲವೇಕೆ? 941ರಲ್ಲಿಯೇ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ‘ವಿಕ್ರಮಾರ್ಜುನವಿಜಯ’ವನ್ನು ರಚಿಸಿದ್ದನು. ಆ ಅಚ್ಚು ಅವರ ಕಿವಿಯಲ್ಲಿತ್ತು. ವಿಕ್ರಮಾರ್ಜುನನಿದ್ದಲ್ಲಿ ಸಾಹಸಭೀಮನನ್ನು ತಂದು ನಿಲ್ಲಿಸಿದಾಗ, ಹೇಳದೆ ಬಿಟ್ಟ ಮಾತು ತಾನಾಗಿ ತುಂಬಿಕೊಂಡಿತು. ರನ್ನನು ಪಂಪನಿಗೆ ಋಣಿಯೆಂದು ಹೇಳುವವರು ಕಥೆಯ ಋಣವನ್ನೂ ವರ್ಣನೆಯ ಋಣವನ್ನೂ ಎಣಿಸುತ್ತಾರೆ. ಈ ಸಮಾಸದ ಋಣವು ಅವಕ್ಕಿಂತ ಕಡಿಮೆಯದಲ್ಲ.

‘ಗದಾಯುದ್ಧ’ವೆಂಬ ಇನ್ನೊಂದು ಹೆಸರನ್ನು ನೋಡಿರಿ. ಕುರುಕ್ಷೇತ್ರಯುದ್ಧವು ಸ್ಥಳದಿಂದ, ಮಲ್ಲಯುದ್ಧವು ಹೋರುವವರಿಂದ, ಧರ್ಮಯುದ್ಧವು ನಿಯಮದಿಂದ, ಗದಾಯುದ್ಧವು ಆಯುಧದಿಂದ ಹೆಸರಾದುವು. ಆಯುಧದ ಹೆಸರಿನಲ್ಲಿ ಪಕ್ಷಪಾತವಿಲ್ಲ. ಸಾಹಸಭೀಮವಿಜಯವೆಂದರೆ ಗೆದ್ದವನಾರೆಂದು ಮೊದಲೇ ತಿಳಿಯಿತು. ಗದಾಯುದ್ಧವೆಂದರೆ ಗದೆಯು ಇಬ್ಬರ ಕೈಯಲ್ಲಿಯೂ ಇದೆ. ಅರಸನ ಆಸ್ಥಾನಕ್ಕೆ ಸಲ್ಲುವ ಹೆಸರು ಮೊದಲನೆಯದು. ಹತ್ತು ಆಶ್ವಾಸಗಳನ್ನು ಓದಿ ಮುಗಿಸಿದವನ ಮನಸ್ಸಿಗೆ ಸಲ್ಲುವದು ಎರಡನೆಯದು, ಯಾಕಂದರೆ ಅವನ ಕಣ್ಣಮುಂದೆ ನಿಲ್ಲುವವನು ಹೆಚ್ಚಾಗಿ ದುರ್ಯೋಧನನು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ದುರಂತನಾಟಕವಾಗಿ ಮಾರ್ಪಡಿಸಿದಾಗ ‘ಗದಾಯುದ್ಧ ನಾಟಕಂ’ ಎಂದೇ ಕರೆದರು. ವಿಜಯವೆಂಬ ಹೆಸರನ್ನು ಇಟ್ಟಿದ್ದರೆ ಆ ನಾಟಕವು ನಿಲ್ಲುತ್ತಿರಲಿಲ್ಲ. ಮುಧೋಳ ತಾಲ್ಲೂಕಿನ ಬೆಳಗಲಿಯು ಈಗ ‘ರನ್ನಬೆಳಗಲಿ’ಯಾಗಿದೆ. ರನ್ನನು ಆಳಿದ ಬೆಳಗಲಿಯಲ್ಲ, ಕಟ್ಟಿದ ಬೆಳಗಲಿಯಲ್ಲ. ಅವನು ಹುಟ್ಟಿದನೆಂದು ಜನರು ನಂಬಿರುವ ಬೆಳಗಲಿ. ಆ ನಂಬಿಕೆಯಿಲ್ಲದ ಪರದೇಶಿಗೆ ಈ ಹೆಸರು ಬೀಗ ಹಾಕಿದ ಬಾಗಿಲಿನಂತೆ.

ಇನ್ನು ಕೇಶಿರಾಜನ ವಿಚಾರ. ಸುಮಾರು 1260ರಲ್ಲಿ ರಚಿತವಾಗಿ, 1872ರಲ್ಲಿ ಕಿಟ್ಟೆಲರ ಕೈಯಿಂದ ಮಂಗಳೂರಿನಲ್ಲಿ ಅಚ್ಚಾದ ಶಬ್ದಮಣಿದರ್ಪಣವು ಸಂಸ್ಕೃತ ಕನ್ನಡ ಪದಗಳನ್ನು ಕೂಡಿಸುವದನ್ನು ಅರಿಸಮಾಸವೆಂದು ನಿಷೇಧಿಸಿ, ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿಯನ್ನು ಕೊಟ್ಟಿದೆ. ಹೊಯ್ಸಳರ ‘ಮಲೆರಾಜರಾಜ’ ಎಂಬ ಬಿರುದು ಈ ವಿನಾಯಿತಿಯ ನೆರಳಿನಲ್ಲಿಯೇ ಬಾಳಿತು. ಈ ನಿಷೇಧವನ್ನು ಹಿಡಿದು ಇಂದಿಗೂ ಜನರ ನುಡಿಯನ್ನು ಅಶುದ್ಧವೆನ್ನುವ ವಿಮರ್ಶಕರುಂಟು. ಅವರು ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಒಂದು ಸುತ್ತು ಬರುವದು ಒಳಿತು. ಕೈಮಗ್ಗವೆಂದರೆ ಕೈಯಿಂದ ನಡೆಯುವ ಮಗ್ಗ. ಗುಂಡಿಮಗ್ಗವೆಂದರೆ ನೇಯುವವನು ಕಾಲಿಳಿಸಿ ಕುಳಿತುಕೊಳ್ಳುವ ಗುಂಡಿಯುಳ್ಳ ಮಗ್ಗ. ರೇಷ್ಮೆಮಗ್ಗವೆಂದರೆ ರೇಷ್ಮೆಯನ್ನು ನೇಯುವ ಮಗ್ಗ. ಈ ನಂಟರ ಸಾಲಿಗೆ ‘ವಿದ್ಯುತ್ ಮಗ್ಗ’ವು ಬಂದಾಗ ಅದು ಅರಿಸಮಾಸವೆಂದು ಯಾರೂ ಬೆಚ್ಚಲಿಲ್ಲ, ಕೈಯಿದ್ದಲ್ಲಿ ವಿದ್ಯುತ್ತು ಬಂದಿತೆಂದು ಕೇಳಿದೊಡನೆ ತಿಳಿದರು. ಆ ಊರಿನ ಹೆಸರೂ ಒಂದು ದ್ವಂದ್ವಸಮಾಸವೆಂಬದನ್ನು ಇಲ್ಲಿಯೇ ಹೇಳಬಹುದು. ದೂರದವರು ಅದನ್ನು ರಬಕವಿಯ ಬನಹಟ್ಟಿಯೆಂದು ತತ್ಪುರುಷ ಮಾಡಿದರೆ ಎರಡೂ ಊರಿನವರು ಒಪ್ಪಲಾರರು.

ಕೇಶಿರಾಜನಿಗೆ ಅನ್ಯಾಯ ಮಾಡಲಾಗದು. ಅವನ ಕಿವಿಯು ಸೂಕ್ಷ್ಮವಾದುದು. ಕನ್ನಡದ ಪದಗಳು ಕೂಡುವಾಗ ಕೂಡಿದೆವೆಂದು ಧ್ವನಿಯಿಂದಲೇ ಸಾರುತ್ತವೆ: ಕಾಲು ಗಾಲಾಗುವದು, ತಾವರೆ ದಾವರೆಯಾಗುವದು, ಪನಿ ಬನಿಯಾಗುವದು. ಸಂಸ್ಕೃತಕ್ಕೆ ಅದರದೇ ಸಂಧಿಯುಂಟು. ವಿದ್ಯುತ್ತು ಶಕ್ತಿಯನ್ನು ಕೂಡಿದರೆ ವಿದ್ಯುಚ್ಛಕ್ತಿಯಾಗುವದು. ಬೆರಕೆಯಾದಲ್ಲಿ ಎರಡೂ ಕೈಕೊಡುತ್ತವೆ. ‘ವಿದ್ಯುನ್ಮಗ್ಗ’ವೆಂದರೆ ನೇಕಾರನು ನಕ್ಕಾನು. ಬೆಸುಗೆಯ ಗುರುತಿಲ್ಲದೆ ಎರಡು ಪದಗಳು ಬಗಲಲ್ಲಿ ಬಗಲಾಗಿ ನಿಲ್ಲುವದು ಕಾವ್ಯದ ಬಂಧಕ್ಕೆ ಕುಂದೇ ಸರಿ. ಆದರೆ ಅದು ಕಿವಿಯ ನ್ಯಾಯ. ತಿಳಿವಿನ ನ್ಯಾಯಕ್ಕೆ ಪದದ ಕುಲವನ್ನು ವಿಚಾರಿಸುವ ಅಗತ್ಯವಿಲ್ಲ. 1997ರಲ್ಲಿ ಬಾಗಲಕೋಟೆಯು ಜಿಲ್ಲೆಯಾದಾಗ ಅಲ್ಲಿಗೆ ‘ಜಿಲ್ಲಾಧಿಕಾರಿ’ಗಳು ಬಂದರು, ಪಾರಸಿಯ ದಾರಿಯಿಂದ ಬಂದ ಪದಕ್ಕೆ ಸಂಸ್ಕೃತದ ದೀರ್ಘಸಂಧಿ! ಯಾವ ರೈತನೂ ಕಚೇರಿಯ ದಾರಿ ತಪ್ಪಲಿಲ್ಲ.

ಶುದ್ಧವಾದ ಸಂಸ್ಕೃತವೇ ದಾರಿ ತಪ್ಪಿಸುವದುಂಟು. ಮಹಾಲಿಂಗಪುರದ ಪೇಟೆಯು ಬೆಲ್ಲಕ್ಕೆ ಹೆಸರಾದುದು. ಜಮಖಂಡಿ ಮುಧೋಳಗಳ ಕಬ್ಬಿನ ಸೀಮೆಯಲ್ಲಿ ಈಚೆಗೆ ‘ಸಾವಯವ ಬೆಲ್ಲ’ವೆಂಬ ಮಾತು ನಡೆದಿದೆ. ಅಮರಕೋಶವನ್ನು ಬಾಯಿಪಾಠ ಮಾಡಿದ ಪಂಡಿತನಿಗೆ ಸಾವಯವವೆಂದರೆ ಅವಯವಗಳಿಂದ ಕೂಡಿ ಇರುವದು. ಬೆಲ್ಲಕ್ಕೆ ಕೈಕಾಲುಗಳು ಎಲ್ಲಿಂದ ಬಂದುವೆಂದು ಅವನು ಬೆರಗಾಗಬೇಕು. ಸಾವಯವ ಗೊಬ್ಬರ, ಸಾವಯವ ಕೃಷಿಗಳನ್ನು ಕೇಳಿ ಬಲ್ಲ ರೈತನಿಗಾದರೋ ರಾಸಾಯನಿಕಗಳಿಲ್ಲದೆ ಬೆಳೆದ ಕಬ್ಬಿನಿಂದ, ಅವುಗಳನ್ನು ಹಾಕದೆ ಕಾಸಿದ ಬೆಲ್ಲವೆಂದು ಕ್ಷಣದಲ್ಲಿ ಹೊಳೆಯುವದು. ಇಲ್ಲಿ ಕೋಶವು ಸೋತು ನಂಟಸ್ತಿಕೆಯು ಗೆದ್ದಿತು.

ಎಲ್ಲ ಕಡೆಗೂ ಹೀಗೆ ಸುಲಭವಾಗಿ ಗೆಲ್ಲುವದಿಲ್ಲ. ಸರಕಾರದ ಕಾಗದಗಳಲ್ಲಿ ‘ಪರಿಹಾರ’ ಶಬ್ದದ ಸಮಾಸಗಳು ಬಹಳ. ದೋಷಪರಿಹಾರದಲ್ಲಿ ದೋಷವು ತೊಲಗುವದು. ಬೆಳೆಪರಿಹಾರದಲ್ಲಿ ಬೆಳೆಯು ಮೊದಲೇ ತೊಲಗಿದೆ, ಅದಕ್ಕೆ ಬದಲಾಗಿ ಹಣವು ಬರುವದು. ‘ಭೂಪರಿಹಾರ’ವನ್ನು ದೋಷಪರಿಹಾರದ ಅಚ್ಚಿನಲ್ಲಿ ಓದಿದರೆ ಭೂಮಿಯನ್ನು ತೊಲಗಿಸುವದೆಂದಾಗುವದು. ಬೀಳಗಿಯ ಕಡೆಯಲ್ಲಿ ಆಲಮಟ್ಟಿಯ ಜಲಾಶಯಕ್ಕೆ ಹೊಲವನ್ನು ಕಳೆದುಕೊಂಡವನು ಈ ಅರ್ಥವನ್ನು ಪೂರಾ ತಪ್ಪೆಂದು ಹೇಳಲಿಕ್ಕಿಲ್ಲ. ‘ಹಿನ್ನೀರು’ ಎಂಬ ಅಚ್ಚಗನ್ನಡದ ಮಾತನ್ನೂ ಅವನು ತನ್ನ ಕಡೆಯಿಂದ ನೋಡಬೇಕಷ್ಟೆ. ಅಣೆಕಟ್ಟಿನ ಮೇಲೆ ನಿಂತವನಿಗೆ ಅದು ಹಿಂದಕ್ಕೆ ಚಾಚಿದ ನೀರು. ಹೊಲದ ಬದುವಿನ ಮೇಲೆ ನಿಂತವನಿಗೆ ಮುಂದೆ ಬರುತ್ತಿರುವ ನೀರು.

ಎಲ್ಲಕ್ಕಿಂತ ತೊಡಕಿನದು ‘ಮುಳುಗಡೆ ಜಮೀನು’. ಜಲಾಶಯದ ಮಟ್ಟವನ್ನು 519.60 ಮೀಟರುಗಳಿಂದ 524.256 ಮೀಟರುಗಳಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರ ತೀರ್ಪಿನಲ್ಲಿ ಒಪ್ಪಿದಂದಿನಿಂದ ಈ ಎರಡು ಪದಗಳ ನಡುವೆ ಕಾಲವೂ ಹೊಕ್ಕು ಕುಳಿತಿದೆ. ಮುಳುಗಿದ ಜಮೀನೋ, ಮುಳುಗುತ್ತಿರುವ ಜಮೀನೋ, ಮುಳುಗಲಿರುವದೆಂದು ಗುರುತಿಸಿದ ಜಮೀನೋ? ವಿಭಕ್ತಿಯನ್ನು ತಂದಿಟ್ಟರೂ ಕಾಲವು ತಿಳಿಯದು; ಮುಳುಗಡೆಯ ಜಮೀನು ಎಂದರೂ ಪ್ರಶ್ನೆಯು ಹಾಗೆಯೇ ಉಳಿಯುವದು. ಕೃದಂತವನ್ನು ಇಟ್ಟು ಬರೆಯಲು ಕನ್ನಡಕ್ಕೆ ಬಡತನವೇನೂ ಇಲ್ಲ. ಆದರೆ ಕಚೇರಿಯ ಲೇಖನಿಗೆ ಎರಡು ಪದಗಳೇ ಸಾಕಾಗಿವೆ. ಕಬ್ಬು ಎದೆಮಟ್ಟ ಬೆಳೆದು ನಿಂತ ಹೊಲದ ಒಡೆಯನು ಆ ಹೆಸರನ್ನು ಓದುವಾಗ ತನ್ನೊಳಗೆ ‘ಮುಂದೆ’ ಎಂಬ ಮಾತನ್ನು ಸೇರಿಸಿಕೊಳ್ಳುತ್ತಾನೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ತನ್ನ ಹಳೆಯ ಊರಿನ ಗೋಡೆಗಳನ್ನು ಕಾಣುವವನು ‘ಆಗಲೇ’ ಎಂಬದನ್ನು ಸೇರಿಸಿಕೊಳ್ಳುತ್ತಾನೆ.